ಅಭಿಮಾನಿಯ ಸಂಚಾರಿ ಭಾವಗಳು

ಮನುಷ್ಯನ ಮನಸ್ಸಿನಲ್ಲಿ ಸುಳಿದುಹೋಗುವ ಸಂಚಾರಿ ಭಾವಗಳು ಮೂವತ್ತಮೂರು ಎಂದು ಭರತಮುನಿ ಎಣಿಸಿಟ್ಟಿದ್ದಾನೆ. ಕಾಲೇಜಿನಲ್ಲಿ ಈ ಪಟ್ಟಿಯನ್ನು ಪಾಠ ಹೇಳುವಾಗ ಕಾವ್ಯದಿಂದ ಉದಾಹರಣೆ ಕೊಟ್ಟರೆ ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಕ್ರಿಕೆಟ್ ತಂಡದ ಅಭಿಮಾನಿಯನ್ನು ಉದಾಹರಿಸಿದರೆ ತಲೆ ಎತ್ತುತ್ತಾರೆ. ಗರ್ವ, ಚಿಂತೆ, ಅಸೂಯೆ, ವಿಷಾದ, ಇಷ್ಟನ್ನೂ ಒಂದೇ ಸಂಜೆಯಲ್ಲಿ ಅನುಭವಿಸಬಲ್ಲ ನಾಯಕನನ್ನು ಯಾವ ಕವಿ ತಾನೇ ಸೃಷ್ಟಿಸಿಯಾನು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಹುಡುಗರಲ್ಲಿ ಬಹುಮಂದಿ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಕಣ್ಣಾರೆ ಕಂಡವರಲ್ಲ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಬದಲಾದರೂ ಅಲ್ಲಿನವರ ತಂಡ ಮಾತ್ರ ಬದಲಾಗಲಿಲ್ಲ.

ಈ ಅಭಿಮಾನದ ಚರಿತ್ರೆ ಆರಂಭವಾದದ್ದೇ ವ್ರೀಡೆಯಿಂದ. 2008ರ ಏಪ್ರಿಲ್ 18ರಂದು ಮೊದಲ ಪಂದ್ಯದಲ್ಲಿ ಕೋಲ್ಕತ್ತದ ಮೆಕಲಮ್ ಒಬ್ಬನೇ 158 ಓಟ ಹೊಡೆದ; ನಮ್ಮ ತಂಡದವರೆಲ್ಲ ಸೇರಿ ಗಳಿಸಿದ್ದು 82. ಮರುವರ್ಷ ಜೊಹಾನ್ಸ್‌ಬರ್ಗಿನ ಅಂತಿಮ ಪಂದ್ಯದಲ್ಲಿ 6 ಓಟಗಳ ಸೋಲು. 2011ರಲ್ಲಿ ಚೆನ್ನೈಯಲ್ಲಿ, 2016ರಲ್ಲಿ ನಮ್ಮದೇ ಅಂಗಳದಲ್ಲಿ ಮತ್ತೆ ಅದೇ ವಿಷಾದ. 2013ರ ಏಪ್ರಿಲ್ 23ರಂದು ಗೇಲ್ ಅಜೇಯನಾಗಿ 175 ಹೊಡೆದಾಗ ಗರ್ವ ಮುಗಿಲು ಮುಟ್ಟಿತ್ತು. 2017ರಲ್ಲಿ ಅದೇ ತಾರೀಖಿನಂದು ಇಡೀ ತಂಡ 49ಕ್ಕೆ ಉರುಳಿತು. ಇದಕ್ಕಿಂತ ಒಳ್ಳೆಯ ನಿರ್ವೇದದ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಇಷ್ಟರಲ್ಲಿ ‘ಈ ಸಲ ಕಪ್ ನಮ್ದೇ’ ಎಂಬ ವಾಕ್ಯ ಹುಟ್ಟಿಕೊಂಡಿತು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾನೆ; ರೈತರು ಅದರಲ್ಲಿ ಮಳೆ ಬೆಳೆಯನ್ನು ಕಂಡರೆ, ರಾಜಕಾರಣಿಗಳು ಕುರ್ಚಿಯನ್ನು ಕಾಣುತ್ತಾರೆ. ಈ ವಾಕ್ಯಕ್ಕೂ ಹಾಗೆಯೇ ಅರ್ಥ ಬದಲಾಗುತ್ತ ಹೋಯಿತು. ಮೊದಲು ಅದು ಪ್ರತಿಜ್ಞೆ. ಆಮೇಲೆ ಎದುರಾಳಿಗಳ ಕೈಯಲ್ಲಿ ಲೇವಡಿ. ಕೊನೆಗೆ ನಮ್ಮವರೇ ತಮ್ಮನ್ನು ಕುರಿತು ಆಡಿಕೊಳ್ಳುವ ನಗೆಮಾತು. ಮಳೆ ಕೈಕೊಟ್ಟ ವರ್ಷವೂ ಬಿತ್ತನೆಗೆಂದು ಬೀಜ ಎತ್ತಿಡುವ ಮನೆಗಳ ಮಕ್ಕಳಿವರು. ‘ಮುಂದಿನ ವರ್ಷ ನೋಡೋಣ’ ಎಂಬ ಧೃತಿಯನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ.

2024ರ ಮಾರ್ಚಿನಲ್ಲಿ ಮಹಿಳೆಯರ ತಂಡ ತನ್ನ ಎರಡನೆಯ ವರ್ಷದಲ್ಲಿಯೇ ಕಪ್ ತಂದಿತು. ‘ಕಪ್ ಬಂತಲ್ಲ ಸರ್, ಇನ್ನೂ ಯಾಕೆ ಕಾಯುತ್ತಾರೆ ಇವರು?’ ಎಂದು ಹುಡುಗಿಯೊಬ್ಬಳು ಕೇಳಿದಾಗ ಗಂಡುಹುಡುಗರ ಸಾಲು ನಿರುತ್ತರವಾಯಿತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡ ಪಂಜಾಬನ್ನು ಮಣಿಸಿತು. ಅಂತರ 6 ಓಟ! ಜೊಹಾನ್ಸ್‌ಬರ್ಗಿನಲ್ಲಿ ಕಳೆದುಕೊಂಡ ಗಂಟು ಹದಿನಾರು ವರ್ಷಗಳ ಮೇಲೆ ಅಷ್ಟಕ್ಕಷ್ಟೇ ಮರಳಿ ಸಿಕ್ಕಂತಾಯಿತು. ನಡುರಾತ್ರಿಯಲ್ಲಿ ಪಟಾಕಿ ಸಿಡಿದವು. ಕ್ರಿಕೆಟ್ಟಿನ ಗಂಧವಿಲ್ಲದ ಅಜ್ಜಂದಿರೂ ಎದ್ದು ಕುಳಿತರು.

ಆ ಹರ್ಷ ಒಂದು ಹಗಲನ್ನೂ ಪೂರ್ತಿ ಕಾಣಲಿಲ್ಲ. ಜೂನ್ 4ರ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಉಂಟಾದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ದುಡಿಯಲೆಂದೂ ಓದಲೆಂದೂ ನಮ್ಮ ಊರುಗಳಿಂದ ಬೆಂಗಳೂರು ಸೇರಿದ ಮಕ್ಕಳಿಗೆ ಲೆಕ್ಕವಿಲ್ಲ. ಆ ಸಂಜೆ ನಮ್ಮ ಬೀದಿಯ ತಾಯಂದಿರು ಫೋನು ಹಿಡಿದು, ‘ಎಲ್ಲಿದ್ದೀಯಪ್ಪಾ? ರೂಮಿಗೆ ಬಂದೆಯಾ?’ ಎಂದು ಕೇಳುತ್ತಿದ್ದುದು ಇನ್ನೂ ನನ್ನ ಕಿವಿಯಲ್ಲಿದೆ. ಹನ್ನೊಂದು ಮನೆಗಳಿಗೆ ಆ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹದಿನೇಳು ವರ್ಷಗಳ ಸೋಲುಗಳು ಈ ಮಕ್ಕಳನ್ನು ಅಳಿಸಿದ್ದವು, ನಗಿಸಿದ್ದವು. ಅವೆಲ್ಲ ಬಂದಂತೆಯೇ ಹೋದವು. ಬಂದು ಉಳಿಯುವ ಭಾವವನ್ನು ಆಲಂಕಾರಿಕರು ಸ್ಥಾಯಿ ಎಂದರು, ಶೋಕ ಅವುಗಳಲ್ಲೊಂದು. ಕೊಟ್ಟೂರೇಶ್ವರನ ತೇರಿನ ದಿನ ಹಿರಿಯರು ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಜನಸಾಗರಕ್ಕೆ ಇಳಿಯುತ್ತಾರೆ. ಜನರನ್ನು ಸಂಭ್ರಮಕ್ಕೆ ಕರೆಯುವವರೆಲ್ಲರಿಗೂ ಅಷ್ಟು ಎಚ್ಚರವಿರಲಿ. ನಮ್ಮ ಹುಡುಗರು ಈಗಲೂ ಕೆಂಪು ಅಂಗಿ ತೊಟ್ಟು ಟಿ.ವಿ.ಯ ಮುಂದೆ ಕೂರುತ್ತಾರೆ. ತಂಡ ಗೆದ್ದರೆ ಕೂಗುತ್ತಾರೆ. ಯಾರಾದರೂ ಆ ಜೂನ್ ತಿಂಗಳ ಮಾತೆತ್ತಿದರೆ ಸುಮ್ಮನಾಗುತ್ತಾರೆ.