ಗುಲಾಬಿ ಚುಕ್ಕೆಗಳಲ್ಲಿ ರೋಗದ್ದು ಯಾವುದು?

ಕಳ್ಳಕವಟಗಿಯ ಬಿಸಿಲು ಹನ್ನೊಂದಕ್ಕೇ ನೆತ್ತಿ ಸುಡುತ್ತಿದೆ. ದ್ರಾಕ್ಷಿ ತೋಟದ ಬದಿಯ ತಗಡಿನ ಮನೆ, ಕಟ್ಟೆಯ ಮೇಲೆ ನೀವು. ಎದುರಿಗೆ ತಾಯಿಯ ತೊಡೆಯ ಮೇಲೆ ಎಂಟು ತಿಂಗಳ ಕೂಸು, ಕಣ್ಣು ಒಳಗಿಳಿದಿವೆ.

“ನಿನ್ನಿಯಿಂದ ಒಂದ ಸವನ ಜಾಡಸಾಕತ್ತೈತ್ರೀ ಅಕ್ಕಾರ.”

ಆಶಾ ಕಾರ್ಯಕರ್ತೆ ಮೊದಲು ಓಆರ್‌ಎಸ್ ಪೊಟ್ಟಣ ಹರಿಯುತ್ತಾರೆ. ಮಾದರಿಯ ಡಬ್ಬಿ ಆಮೇಲೆ. ಅದು ಐಸ್ ಪೆಟ್ಟಿಗೆ ಸೇರಿ, ತಿಕೋಟಾ ದಾಟಿ, ವಿಜಯಪುರದ ಪ್ರಯೋಗಾಲಯ ಮುಟ್ಟುತ್ತದೆ. ಬೆನ್ನಿಗೇ ನೀವೂ.

ಮರುದಿನ 37 ಡಿಗ್ರಿಯ ಪೆಟ್ಟಿಗೆಯಿಂದ ಮಾದರಿ ಹಚ್ಚಿಟ್ಟ ತಟ್ಟೆ ಹೊರಬರುತ್ತದೆ. ತುಂಬಾ ಗುಲಾಬಿ ಚುಕ್ಕೆಗಳು, ಇ. ಕೋಲಿ ಬ್ಯಾಕ್ಟೀರಿಯಾ. 1885ರಲ್ಲಿ ಥಿಯೋಡರ್ ಎಶೆರಿಕ್ ಇದನ್ನು ಗುರುತಿಸಿದ್ದು ಕೂಸುಗಳ ಮಲದಲ್ಲೇ. ಎಲ್ಲರ ಕರುಳಲ್ಲೂ ಇರುವಂಥದ್ದು, ಬಹುಪಾಲು ನಿರುಪದ್ರವಿ. ರೋಗ ತರುವ ತಳಿಯೂ ತಟ್ಟೆಯ ಮೇಲೆ ಹೀಗೇ ಕಾಣುತ್ತದೆ. ಕಣ್ಣಿನ ಆಟ ಇಲ್ಲಿಗೆ ಮುಗಿಯಿತು. ಇನ್ನು ಜೀನ್ ನೋಡಬೇಕು.

ಚುಕ್ಕೆಯೊಂದನ್ನು ನೀರಲ್ಲಿ ಕುದಿಸಿದರೆ ಡಿಎನ್‌ಎ ಹೊರಬೀಳುತ್ತದೆ. ಪಿಸಿಆರ್ ಯಂತ್ರ 95 ಡಿಗ್ರಿಗೆ ಏರಿ ಎಳೆ ಬಿಡಿಸುತ್ತದೆ, 60ರ ಆಸುಪಾಸಿಗೆ ಇಳಿದು ಹುಡುಕುವ ಜೀನಿಗೆ ಅಂಟುವ ಪ್ರೈಮರ್ ತುಣುಕು ಕೂರಿಸುತ್ತದೆ, 72ರಲ್ಲಿ ನಕಲು ತೆಗೆಯುತ್ತದೆ. ಹೀಗೆ ಸುಮಾರು 30 ಸುತ್ತು. ಹುಡುಕುವ ಜೀನ್ ಇದ್ದರಷ್ಟೇ ನಕಲು ಬೆಳೆಯುತ್ತದೆ.

ಈಗ ಜೆಲ್. ಹಲ್ವಾದಂಥ ಹಾಳೆಯ ಸಣ್ಣ ಗುಳಿಗಳಿಗೆ ತಂತ್ರಜ್ಞೆ ನೀಲಿ ಬೆರೆತ ಹನಿ ಇಳಿಸುತ್ತಾರೆ, ಉಸಿರು ಬಿಗಿಹಿಡಿದು. ಕೈ ನಡುಗಿ ಪಕ್ಕದ ಗುಳಿಗೆ ಹರಿದರೆ ಎಲ್ಲಾ ಹಾಳು. ವಿದ್ಯುತ್ ಹರಿಯುತ್ತದೆ, ಸಣ್ಣ ತುಣುಕು ಮುಂದೆ, ದೊಡ್ಡದು ಹಿಂದೆ. ದೀಪ ಆರಿಸಿ ನೇರಳಾತೀತ ಬೆಳಕು ಹಾಕಿದಾಗ ಪಟ್ಟಿಗಳು ಹೊಳೆಯುತ್ತವೆ. ಕೂಸಿನ ಸಾಲಿನಲ್ಲಿ ‘ಇಎಇ’ ಜೀನ್ ಇದೆ, ‘ಬಿಎಫ್‌ಪಿ’ ಜೀನ್ ಇದೆ.

“ಎಸ್‌ಟಿಎಕ್ಸ್ ಇಲ್ಲ ನೋಡ್ರಿ,” ಎನ್ನುತ್ತಾರೆ ಆಕೆ, ಭುಜ ಸಡಿಲಿಸಿ.

ಅಂದರೆ ಕರುಳ ಗೋಡೆಗೆ ಅಂಟಿಕೊಂಡು ಹೆಚ್ಚಾಗಿ ಕೂಸುಗಳನ್ನೇ ಕಾಡುವ ತಳಿ. ಎಸ್‌ಟಿಎಕ್ಸ್ ಶಿಗಾ ವಿಷದ ಜೀನ್. ಆ ವಿಷ ಕಿಡ್ನಿಯನ್ನೇ ಕೆಡಿಸಬಲ್ಲದು, ಆ್ಯಂಟಿಬಯೋಟಿಕ್ ಕೊಟ್ಟರೆ ಅಪಾಯ ಹೆಚ್ಚಲೂಬಹುದು.

“ನಮ್ಮ ಕಡೆ ಅದು ಐತೇನ್ರೀ?” ನೀವು ಕೇಳುತ್ತೀರಿ. ಕರ್ನಾಟಕದಲ್ಲೇ ಇದೆ: ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಂದ್ರಾಣಿ ಮತ್ತು ಇಡ್ಯ ಕರುಣಾಸಾಗರ್ ಅವರ ತಂಡ ಪೇಟೆಯ ಮೀನು, ಮಾಂಸದಲ್ಲಿ ಪಿಸಿಆರ್‌ನಿಂದಲೇ ಆ ವಿಷದ ಇ. ಕೋಲಿಯನ್ನು ಪತ್ತೆಹಚ್ಚಿ 2001ರಲ್ಲಿ ಪ್ರಕಟಿಸಿತು. 2011ರಲ್ಲಿ ಜರ್ಮನಿಯಲ್ಲಿ ಇದೇ ವಿಷದ ಒಂದು ತಳಿ 50ಕ್ಕೂ ಹೆಚ್ಚು ಜನರನ್ನು ಕೊಂದಿತು. ಮೊದಲು ಸೌತೆಕಾಯಿಯ ಮೇಲೆ ಅನುಮಾನ; ಕಡೆಗೆ ಸಿಕ್ಕಿಬಿದ್ದದ್ದು ಮೆಂತ್ಯದ ಮೊಳಕೆ. ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು ತಿನ್ನುವ ನಮ್ಮ ಸೀಮೆಯವರು ಅದನ್ನು ಚೆನ್ನಾಗಿ ತೊಳೆದೇ ತಿನ್ನಬೇಕು.

ಇಷ್ಟೆಲ್ಲ ಮುಗಿಯಲು ಎರಡು ದಿನ ಬೇಕು. ಅಷ್ಟು ಹೊತ್ತು ಯಾವ ಕೂಸೂ ಕಾಯಲಾರದು. ಮನೆಯಲ್ಲಿ ಮಗುವಿಗೆ ಭೇದಿ ಹತ್ತಿದರೆ ಕೂಡಲೇ ಓಆರ್‌ಎಸ್ ಶುರುಮಾಡಿ, ಎದೆಹಾಲು ನಿಲ್ಲಿಸಬೇಡಿ, ಆಶಾ ಕಾರ್ಯಕರ್ತೆಯಿಂದ ಜಿಂಕ್ ಮಾತ್ರೆ ಪಡೆದು 14 ದಿನ ಕೊಡಿ. ಮಲದಲ್ಲಿ ರಕ್ತ ಕಂಡರೆ ಔಷಧದ ಅಂಗಡಿಗಲ್ಲ, ಆಸ್ಪತ್ರೆಗೆ ಹೋಗಿ.