ರನ್‌ವೇ ಮೇಲೆ ನಿಂತ ಹಡಗು

2024ರ ಒಂದು ಭಾನುವಾರ ಅಮ್ಮ ಮೊಬೈಲ್ ಹಿಡ್ಕೊಂಡು ಓಡಿ ಬಂದ್ರು. "ನೋಡೋ, ಇವನ ಹಡಗು ಏರ್‌ಪೋರ್ಟಲ್ಲಿದೆ!"

ತಮ್ಮ ಸರಕು ಹಡಗಿನಲ್ಲಿ ಥರ್ಡ್ ಆಫೀಸರ್. ಹಡಗು ಎಲ್ಲಿದೆ ಅಂತ ತೋರಿಸೋ ಆ್ಯಪ್ ಹಾಕಿಕೊಟ್ಟವನು ನಾನೇ. ಅಂದಿನಿಂದ ಅಮ್ಮನಿಗೆ ಅದೇ ಧಾರಾವಾಹಿ. ಮೆಡಿಟರೇನಿಯನ್ ಸಮುದ್ರದಲ್ಲಿರಬೇಕಾದ ಹಡಗು ಬೈರೂತ್ ವಿಮಾನ ನಿಲ್ದಾಣದ ಮೇಲಿತ್ತು, ಜೊತೆಗೆ ಇನ್ನೂ ಒಂದಷ್ಟು ಹಡಗುಗಳು. ಯುದ್ಧದ ಗಲಾಟೆಯಲ್ಲಿ ಆ ಕಡೆ ಸುಳ್ಳು ಜಿಪಿಎಸ್ ಸಂಕೇತ ಬಿಡ್ತಿದ್ದಾರೆ ಅನ್ನೋ ಸುದ್ದಿ ನಾನು ಓದಿದ್ದೆ. ಆದರೂ ಎದೆ ಧಸಕ್ಕೆಂದಿತು. ಅವನೆಲ್ಲಿದ್ದಾನೆ ಅಂತ ನಮಗೆ ಗೊತ್ತಿಲ್ಲ, ಸರಿ. ಅವನಿಗಾದರೂ ಗೊತ್ತಿದೆಯಾ?

ನನ್ನ ಮೆಸೇಜು ಒಂದೇ ಟಿಕ್‌ನಲ್ಲಿ ನಿಂತಿತ್ತು. ಕಾಯ್ತಾ ಓದ್ತಾ ಕೂತೆ.

ಯಾವ ಸೈನ್ಯವೂ ಕೆಡಿಸಲಾಗದ ಗುರುತೊಂದಿದೆ: ಗುರುತ್ವ. ಶಾಲೆಯಲ್ಲಿ ಉರು ಹೊಡೆದ 9.8 ಎಲ್ಲ ಕಡೆ ಒಂದೇ ಅಲ್ಲ. ಸಮುದ್ರದಡಿ ಬೆಟ್ಟವಿದ್ದರೆ ಸೆಳೆತ ಒಂಚೂರು ಜಾಸ್ತಿ, ಕಂದಕವಿದ್ದರೆ ಕಮ್ಮಿ. ಒಂಚೂರು ಅಂದರೆ ಲಕ್ಷದಲ್ಲಿ ಕೆಲವೇ ಪಾಲು. ಮೊದಲೇ ನಕ್ಷೆ ಮಾಡಿಟ್ಟಿದ್ದರೆ, ಅಳೆಯುತ್ತಾ ಸಾಗಿ ಅದರ ಜೊತೆ ಹೊಂದಿಸಿ ನೋಡಬಹುದು. ಕರೆಂಟ್ ಹೋದಾಗ ಕಾಲಿಗೆ ಹೊಸ್ತಿಲು ತಾಗಿ ಅಡುಗೆಮನೆ ಬಂತು ಅಂತ ತಿಳಿಯೋ ಹಾಗೆ.

ಸಮಸ್ಯೆ ಅಂದರೆ ಹಡಗು ಕುಲುಕುತ್ತದೆ. ಕುಲುಕಾಟ ಯಾವುದು, ಭೂಮಿಯ ಸೆಳೆತ ಯಾವುದು ಅಂತ ಉಪಕರಣಕ್ಕೆ ಬೇರೆ ಮಾಡಲಾಗದು (ಐನ್‌ಸ್ಟೈನ್ ಇದರ ಮೇಲೇ ಒಂದು ಸಿದ್ಧಾಂತ ಕಟ್ಟಿದ). ಅದಕ್ಕೇ 1923ರಲ್ಲಿ ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಲೋಲಕಗಳ ಪೆಟ್ಟಿಗೆ ಹೊತ್ತು ಜಲಾಂತರ್ಗಾಮಿ ಹತ್ತಿದ. ನೀರಿನಡಿ ಅಲೆಯ ಕಾಟ ಕಮ್ಮಿ. ದಾರಿ ಹುಡುಕೋದಲ್ಲ, ಭೂಮಿಯ ಆಕಾರ ತಿಳಿಯೋದು ಅವನ ಉದ್ದೇಶವಾಗಿತ್ತು. ಈಗ ಲೇಸರಿನಿಂದ ತಣ್ಣಗಾಗಿಸಿದ ರುಬಿಡಿಯಂ ಪರಮಾಣುಗಳನ್ನು ಬೀಳಬಿಟ್ಟು, ಬೀಳೋದನ್ನೇ ಅಳೆಯುತ್ತಾರೆ. ಆದರೂ ಸೆಳೆತ ಏರಿಳಿಯದ ಸಮುದ್ರಭಾಗದಲ್ಲಿ ಈ ವಿದ್ಯೆ ಕೈಕೊಡುತ್ತದೆ. ಬರೀ ಬಯಲಿನಲ್ಲಿ ಹೊಸ್ತಿಲು ಎಲ್ಲಿಂದ ಬರಬೇಕು?

ಅಮ್ಮನ ಗಮನ ಬೇರೆಡೆಗೆ ತಿರುಗಿಸೋಣ ಅಂತ ಹೇಳಿದೆ: ಶ್ರೀಲಂಕಾದ ದಕ್ಷಿಣಕ್ಕೆ ಸೆಳೆತ ಕಮ್ಮಿ, ಅಲ್ಲಿ ಸಮುದ್ರದ ಮಟ್ಟ ಲೆಕ್ಕಕ್ಕಿಂತ ಸುಮಾರು 100 ಮೀಟರ್ ಕೆಳಗಿದೆ.

"ಹಡಗು ಹಳ್ಳಕ್ಕೆ ಇಳಿಯುತ್ತೇನೋ?"

"ಇಲ್ಲಮ್ಮ, ಹಡಗಲ್ಲಿದ್ದವರಿಗೆ ಗೊತ್ತೇ ಆಗಲ್ಲ."

ಹೇಳಬಾರದ್ದನ್ನು ಹೇಳಿದೆ ಅನ್ನಿಸಿತು.

ಸಂಜೆ ಆರಕ್ಕೆ ತಮ್ಮನ ಉತ್ತರ ಬಂತು. ರಾಡಾರಿನಲ್ಲಿ ಕರಾವಳಿ ನೋಡ್ಕೊಂಡು, ಚಾರ್ಟ್ ಮೇಲೆ ಗುರುತು ಹಾಕ್ತಾ ದಾಟಿದ್ವಿ, ನಿದ್ದೆ ಇಲ್ಲ ಅಂತ. ಗುರುತ್ವ ಅಳೆಯೋ ಯಂತ್ರ ನಿಮ್ಮಲ್ಲಿದ್ಯಾ ಅಂತ ಕೇಳಿದೆ.

"ಅಣ್ಣಾ, ಇಲ್ಲಿ ಕಾಫಿ ಮಷೀನೇ ಕೆಟ್ಟು ತಿಂಗಳಾಯ್ತು."