ಸೌದೆ ದುಡ್ಡಲ್ಲಿ ಬಂದ ಪ್ರೊಸೆಸರ್ (ಡಬ್ಬದ ಡೈರಿ, ಭಾಗ 4)

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಉದ್ದ ನಾಲ್ಕು ಸೆಂಟಿಮೀಟರ್, ಅಗಲ ನಾಲ್ಕು ಸೆಂಟಿಮೀಟರ್. ಕೆಳಗಡೆ ಕೂದಲಿನ ಥರ 1331 ಪಿನ್ನು. ಈ ಬಿಲ್ಲೆಗೆ ನಾನು ಕೊಟ್ಟಿದ್ದು 10,800 ರೂಪಾಯಿ. ಅದರಲ್ಲಿ ಒಂದು ಪಾಲು ನಮ್ಮಪ್ಪ ಬ್ಯಾರನ್ನಿಗೆ ಸೌದೆ ತರೋಕೆ ಅಂತ ಎತ್ತಿಟ್ಟಿದ್ದ ದುಡ್ಡು. ಹಾಗಾಗಿ ಇದನ್ನ ತಗೊಳ್ಳೋ ಮುಂಚೆ ನಾನು ಮಾಡಿದಷ್ಟು ಲೆಕ್ಕ ನಮ್ಮ ಕಾಸ್ಟ್ ಅಕೌಂಟಿಂಗ್ ಪರೀಕ್ಷೆಲೂ ಮಾಡಿಲ್ಲ. ಭಾಗ 3ಕ್ಕೆ ಕಾಮೆಂಟ್ ಹಾಕಿದೋರಲ್ಲಿ ಅರ್ಧ ಜನ "ಓವರ್‌ಕ್ಲಾಕ್ ಮಾಡು ಮಗಾ" ಅಂದಿದ್ರಿ. ಈ ಭಾಗ ನಿಮಗೇ.

ಹೊಸಬರಿಗೆ ಒಂದು ಮಾತು. ನಮ್ಮದು ಚಿಕ್ಕಮಗಳೂರಿನ ಕೊಪ್ಪ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪ, ಬೈಲಕುಪ್ಪೆ ಪಕ್ಕ. ಕಾವೇರಿ ಸೇತುವೆ ದಾಟಿದ್ರೆ ಕುಶಾಲನಗರ, ಜಿಲ್ಲೆನೇ ಬೇರೆ. ಪ್ರತಿ ಸಲ ಪಾರ್ಸೆಲ್ ಹುಡುಗನಿಗೆ ಇದನ್ನ ಹೇಳಿ ಹೇಳಿ ಅಭ್ಯಾಸ ಆಗಿದೆ.

ಡಬ್ಬದ ಚರಿತ್ರೆ ಚಿಕ್ಕದು. ಎರಡು ವರ್ಷದ ಹಿಂದೆ 16,000ಕ್ಕೆ ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಒಳಗೆ ರೈಜನ್ 3 3200ಜಿ, ಎ320 ಬೋರ್ಡು, 8 ಜಿಬಿದು ಒಂದೇ ರ‍್ಯಾಮ್. (ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ ಶೇ. 40. ಆ ಪ್ರಕಾರ ಇವತ್ತು ಅದರ ಬೆಲೆ 5,760. ಅಪ್ಪನಿಗೆ ಹೇಳಿಲ್ಲ.) ಕುಶಾಲನಗರದ ಒಂದು ಸ್ಟುಡಿಯೋ ಅಣ್ಣನಿಗೆ ನಾಮಕರಣ, ನಿಶ್ಚಿತಾರ್ಥದ ವಿಡಿಯೋ ಎಡಿಟ್ ಮಾಡಿಕೊಡ್ತೀನಿ, ನಿಮಗೆ ಗೊತ್ತಿದೆ. 12 ನಿಮಿಷದ ಒಂದು ವಿಡಿಯೋ ಎಕ್ಸ್‌ಪೋರ್ಟ್ ಆಗೋಕೆ 46 ನಿಮಿಷ. ಆ 46 ನಿಮಿಷ ಮೌಸ್ ಮುಟ್ಟೋ ಹಾಗಿಲ್ಲ. ಜೂನಲ್ಲಿ ಒಂದು ಮದುವೆ ವಿಡಿಯೋ ಎರಡು ಸಲ ಶೇ. 80 ದಾಟಿದ ಮೇಲೆ ನಿಂತುಹೋಯ್ತು. ಬೆಳಿಗ್ಗೆ ಕೊಡಬೇಕಾಗಿದ್ದು ಸಂಜೆ ಕೊಟ್ಟೆ. ಅಣ್ಣ ಬೈಲಿಲ್ಲ, "ಪರವಾಗಿಲ್ಲ ಬಿಡು" ಅಂದ್ರು. ಆಮೇಲೆ ಮೂರು ವಾರ ಕೆಲಸ ಕೊಡಲಿಲ್ಲ. ಬೈದಿದ್ರೇ ಚೆನ್ನಾಗಿತ್ತು.

ಕೈಯಲ್ಲಿ ನನ್ನದು 8,500 ಇತ್ತು. ಅಪ್ಪ 6,000 ಕೊಟ್ರು. ಷರತ್ತು ಒಂದೇ: ಕಗ್ಗುಂಡಿ ಹರಾಜು ಶುರು ಆಗೋದ್ರೊಳಗೆ ವಾಪಸ್ ಬರಬೇಕು. ಒಟ್ಟು 14,500.

ಈಗ ವಿಷಯಕ್ಕೆ ಬರ್ತೀನಿ.

ನನ್ನ ಮೊದಲ ಪ್ಲ್ಯಾನು ನಿಮ್ಮದೇ ಪ್ಲ್ಯಾನು. 3200ಜಿ ಬೀಗ ಇಲ್ಲದ ಪ್ರೊಸೆಸರ್, ಅಂದ್ರೆ ವೇಗ ಏರಿಸೋಕೆ ಕಂಪನಿಯ ತಡೆ ಇಲ್ಲ. ಸರಿ ಅಂತ ಒಂದು ರಾತ್ರಿ ಬಯೋಸ್ ಒಳಗೆ ಹೋಗಿ ಹುಡುಕಿದೆ, ಹುಡುಕಿದೆ, ಆ ಆಪ್ಷನ್ನೇ ಇಲ್ಲ. ಯಾಕಂದ್ರೆ ಬೀಗ ಇದ್ದಿದ್ದು ಬೋರ್ಡಲ್ಲಿ. ಎ320 ಮತ್ತು ಎ520 ಚಿಪ್‌ಸೆಟ್‌ನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಮಾಡೋಕೆ ಬಿಡಲ್ಲ. ಬಿ350, ಬಿ450, ಬಿ550, ಇಲ್ಲಾ ಎಕ್ಸ್ ಸರಣಿ ಬೇಕು. ಇಂಟೆಲ್ ಕಡೆ ಇನ್ನೂ ಬಿಗಿ: ಪ್ರೊಸೆಸರ್ ಹೆಸರಿನ ಕೊನೆಗೆ ಕೆ ಇರಬೇಕು, ಬೋರ್ಡು ಝಡ್ ಸರಣಿದಾಗಿರಬೇಕು. ಎರಡೂ ಬಜೆಟ್ ಅನ್ನೋ ಪದದ ಹತ್ತಿರನೂ ಬರಲ್ಲ. ಎಲ್ಲರೂ ಹೊಗಳೋ ಐ3 12100ಎಫ್ ಒಳ್ಳೆ ಪ್ರೊಸೆಸರ್ರೇ, ಆದ್ರೆ ಅದಕ್ಕೆ ಬೀಗ ಇದೆ. ಅದಕ್ಕೆ ಬೋರ್ಡೂ ಹೊಸದು ಬೇಕು. ನನ್ನ ಲೆಕ್ಕದಿಂದ ಅದು ಅಲ್ಲೇ ಹೊರಗೆ.

ಎರಡು ವರ್ಷ "ನನ್ನದು ಅನ್‌ಲಾಕ್ಡ್" ಅಂತ ಹೇಳ್ಕೊಂಡು ಓಡಾಡಿದ್ದೆ. ಇದನ್ನ ಯಾರೂ ಕ್ಲಾಸಲ್ಲಿ ಎತ್ತಬೇಡಿ.

ಹಾಗಾದ್ರೆ ಓವರ್‌ಕ್ಲಾಕ್‌ಗೆ ಬಿಡೋ ಬೋರ್ಡು ತಗೊಳ್ಳೋಣ ಅಂತ ಬೆಲೆ ನೋಡಿದೆ. ನಾನು ನೋಡಿದ ವಾರ 9,500. ಜೊತೆಗೆ ಒಂದು ಟವರ್ ಕೂಲರ್ 2,000. 11,500 ಖರ್ಚು ಮಾಡಿ ಹಳೇ ಪ್ರೊಸೆಸರನ್ನೇ ಓಡಿಸೋದು. ಸಿಗೋದೇನು? 3200ಜಿದು ಮೂಲ ವೇಗ 3.6 ಗಿಗಾಹರ್ಟ್ಸ್, ತಾನಾಗೇ 4.0 ತನಕ ಹೋಗುತ್ತೆ. ನಾನು ಕಷ್ಟಪಟ್ಟು ನಾಲ್ಕೂ ಕೋರನ್ನ 4.0ರಲ್ಲಿ ನಿಲ್ಲಿಸಿದೆ ಅಂದ್ಕೊಳ್ಳಿ, ಮೂಲ ವೇಗದಿಂದ ಲೆಕ್ಕ ಹಾಕಿದ್ರೂ ಶೇ. 11. 46 ನಿಮಿಷದ ಎಕ್ಸ್‌ಪೋರ್ಟ್ 41 ಆಗಬಹುದು. ಐದು ನಿಮಿಷಕ್ಕೆ 11,500!

ಓವರ್‌ಕ್ಲಾಕಿಂಗ್‌ಗೆ ಇಷ್ಟು ಹೆಸರು ಬಂದಿದ್ದು ಸುಮ್ನೆ ಅಲ್ಲ. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಅಂತ ಒಂದು ಅಗ್ಗದ ಪ್ರೊಸೆಸರ್ ಬಂತು. ಬೋರ್ಡಿನ ಬಸ್ ವೇಗವನ್ನ 66ರಿಂದ 100ಕ್ಕೆ ತಿರುಗಿಸಿದ್ರೆ 300 ಮೆಗಾಹರ್ಟ್ಸ್‌ದು 450ರಲ್ಲಿ ಓಡ್ತಿತ್ತು. ಶೇ. 50, ಪುಕ್ಕಟೆ. 2014ರಲ್ಲಿ ಪೆಂಟಿಯಂ ಬ್ರ್ಯಾಂಡಿಗೆ 20 ವರ್ಷ ಅಂತ ಜಿ3258 ಅನ್ನೋದನ್ನ ಬೀಗ ತೆಗೆದು ಅಗ್ಗಕ್ಕೆ ಬಿಟ್ರು, ಅದರಲ್ಲೂ ಜನ ಹಬ್ಬ ಮಾಡಿದ್ರು. ಆ ಕಾಲದಲ್ಲಿ ಕಂಪನಿ ಮಾರೋ ವೇಗಕ್ಕೂ ಚಿಪ್ಪು ತಡೆಯೋ ವೇಗಕ್ಕೂ ನಡುವೆ ಗದ್ದೆಯಷ್ಟು ಜಾಗ ಇತ್ತು. ಈಗ ಬದುವಿನಷ್ಟಿದೆ. ಇವತ್ತಿನ ಪ್ರೊಸೆಸರ್ ತನ್ನ ಬಿಸಿ, ತನ್ನ ಕರೆಂಟು ನೋಡ್ಕೊಂಡು ತಾನೇ ವೇಗ ಏರಿಸ್ಕೊಳ್ಳುತ್ತೆ. ನಮಗೆ ಉಳಿಯೋದು ಚೂರುಪಾರು. ನಾವು ನೋಡೋ ವಿಡಿಯೋಗಳು ಆ ಹಳೇ ಕಾಲದ ಆಸೆಯನ್ನೇ ಇನ್ನೂ ಮಾರ್ತಿವೆ ಅಂತ ನನಗನ್ಸುತ್ತೆ.

ಮೂರನೇ ಫೋಟೋ ನಮ್ಮ ಬ್ಯಾರನ್ನು. ಆಗಸ್ಟ್ ತಿಂಗಳು, ಹೊಗೆಸೊಪ್ಪು ಬೇಯಿಸೋ ಟೈಮು. ಅಪ್ಪ ರಾತ್ರಿ ಎದ್ದೆದ್ದು ಹೋಗಿ ಥರ್ಮಾಮೀಟರ್ ನೋಡ್ತಾರೆ. ಮೊದಲು 95–100 ಡಿಗ್ರಿ ಫ್ಯಾರನ್‌ಹೀಟಲ್ಲಿ ಎಲೆ ಹಳದಿ ಆಗಬೇಕು. ಆಮೇಲೆ ಸ್ವಸ್ವಲ್ಪವೇ ಏರಿಸ್ತಾ, ಕೊನೆಗೆ ದಂಟು ಒಣಗೋಕೆ 160ರ ಹತ್ತಿರ. ಐದಾರು ದಿನದ ಕೆಲಸ. ಚಿಕ್ಕವನಿದ್ದಾಗ ಕೇಳಿದ್ದೆ, "ಜಾಸ್ತಿ ಸೌದೆ ಹಾಕಿದ್ರೆ ಬೇಗ ಆಗಲ್ವಾ ಅಪ್ಪ?" ಅಂತ. "ಆಯ್ತದೆ. ಸೊಪ್ಪು ಕಪ್ಪಾಯ್ತದೆ, ಸೌದೆನೂ ಖಾಲಿಯಾಯ್ತದೆ" ಅಂದಿದ್ರು.

ಚಿಪ್ಪಿಗೂ ಹತ್ತಿರಹತ್ತಿರ ಅದೇ ಲೆಕ್ಕ. ವೇಗ ಏರಿಸಿದ್ರೆ ಅದು ತಡೆದು ನಿಲ್ಲೋಕೆ ವೋಲ್ಟೇಜೂ ಏರಿಸಬೇಕು. ಖರ್ಚಾಗೋ ವಿದ್ಯುತ್ತು ವೋಲ್ಟೇಜಿನ ವರ್ಗದಷ್ಟು ಏರುತ್ತೆ. ವೇಗ ಶೇ. 10, ವೋಲ್ಟೇಜ್ ಶೇ. 10 ಏರಿಸಿದ್ರೆ ಬಿಸಿ ಸುಮಾರು ಶೇ. 33 ಜಾಸ್ತಿ. ಶೇ. 10 ಕೆಲಸಕ್ಕೆ ಶೇ. 33 ಸೌದೆ. ಅದರ ಮೇಲೆ ವಾರಂಟಿನೂ ಹೋಗುತ್ತೆ; ನಿಗದಿಗಿಂತ ಹೆಚ್ಚು ಓಡಿಸಿ ಕೆಟ್ಟಿದ್ದನ್ನ ಎಎಂಡಿ ವಾರಂಟಿ ಒಪ್ಪಲ್ಲ.

ಅಲ್ಲಿಗೆ ನನಗೆ ಒಂದು ವಿಷಯ ಹೊಳೀತು. ನಮ್ಮ ಮೇಡಂ ಆಪರ್ಚುನಿಟಿ ಕಾಸ್ಟ್ ಅಂತ ಪಾಠ ಮಾಡ್ತಾರಲ್ಲ, ಒಂದನ್ನ ಆರಿಸಿದ್ರೆ ಕೈಬಿಟ್ಟು ಹೋಗೋದರ ಬೆಲೆ, ಅದು ಇದೇ. ಓವರ್‌ಕ್ಲಾಕ್ ಮಾಡೋಕೆ ಬೇಕಾದ ಬೋರ್ಡು, ಕೂಲರಿನ ದುಡ್ಡೇ ಮೇಲಿನ ದರ್ಜೆ ಪ್ರೊಸೆಸರ್ ದುಡ್ಡು. ನನ್ನ ಬೋರ್ಡಿನ ಸಾಕೆಟ್ ಎಎಂ4. 2017ರ ಮೊದಲ ರೈಜನ್‌ನಿಂದ 5000 ಸರಣಿ ತನಕ ಒಂದೇ ಸಾಕೆಟ್. ಹಳೇ 300 ಸರಣಿ ಬೋರ್ಡುಗಳಿಗೆ 5000 ಸರಣಿ ಹಾಕೋಕೆ ಎಎಂಡಿ ಮೊದಲು ಬಿಟ್ಟಿರಲಿಲ್ಲ, 2022ರಲ್ಲಿ ಬಿಟ್ಟಿತು. ಬೋರ್ಡ್ ಕಂಪನಿ ಅದಕ್ಕೆ ಹೊಸ ಬಯೋಸ್ ಕೊಟ್ಟಿರಬೇಕು, ಅಷ್ಟೆ. ನನ್ನ ಬೋರ್ಡಿಗೆ ಕೊಟ್ಟಿತ್ತು.

ಇಷ್ಟು ಬುದ್ಧಿವಂತ ಆದ ಮೇಲೂ ದೊಡ್ಡ ತಪ್ಪು ಮಾಡೋನಿದ್ದೆ. ರೈಜನ್ 5 5500, ಆರು ಕೋರ್, ಹನ್ನೆರಡು ಥ್ರೆಡ್, 5600ಜಿಗಿಂತ 3,000ಕ್ಕೂ ಹೆಚ್ಚು ಕಡಿಮೆ. ಕಾರ್ಟಿಗೆ ಹಾಕಿ ಕ್ಲಾಸ್ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕ್ದೆ. ನಮ್ಮ ಬೆಂಚಿನ ಹಿಂದಿನ ಹುಡುಗಿ (ಹೆಸರು ಹಾಕಬೇಡ ಅಂದಿದ್ದಾಳೆ) ಒಂದೇ ಸಾಲು ಬರೆದಳು: "ನಿನ್ನ ಹತ್ರ ಗ್ರಾಫಿಕ್ಸ್ ಕಾರ್ಡ್ ಇದ್ಯಾ?" ಇಲ್ಲ. 5500, 5600 ಎರಡರ ಒಳಗೂ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಹಾಕಿದ್ರೆ ಫ್ಯಾನು ತಿರುಗುತ್ತೆ, ಲೈಟು ಉರಿಯುತ್ತೆ, ಮಾನಿಟರಲ್ಲಿ ಕತ್ತಲೆ. ಸೌದೆ ದುಡ್ಡಲ್ಲಿ ಕತ್ತಲೆ ತರ್ತಿದ್ದೆ. ಹೆಸರಿನ ಕೊನೆಯ ಆ ಒಂದು ಜಿ ಅಕ್ಷರಕ್ಕೆ ಅಷ್ಟು ಬೆಲೆ ಇದೆ. ಇಂಟೆಲಲ್ಲಿ ಉಲ್ಟಾ, ಕೊನೆಗೆ ಎಫ್ ಇದ್ರೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ.

ಹಾಗಾಗಿ 5600ಜಿ, 10,800. ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಎಸ್‌ಪಿ ರೋಡಲ್ಲಿ ವಿಚಾರಿಸಿದ. ಬಾಕ್ಸ್ ಇಲ್ಲದ ಟ್ರೇ ಪೀಸು 900 ಕಡಿಮೆಗೆ ಸಿಗ್ತಿತ್ತು. ಬೇಡ ಅಂದೆ. ಬಾಕ್ಸ್ ಪೀಸಿಗೆ ಕಂಪನಿದೇ ಮೂರು ವರ್ಷ ವಾರಂಟಿ, ಜೊತೆಗೆ ಕೂಲರ್. ಟ್ರೇ ಪೀಸಿಗೆ ಅಂಗಡಿಯವರ ಬಾಯಿಮಾತು. ಇನ್ನೊಂದು 8 ಜಿಬಿ ರ‍್ಯಾಮ್ 1,700. ಒಟ್ಟು 12,500. ಉಳಿದ 2,000 ಅವತ್ತೇ ಅಪ್ಪನ ಕೈಗೆ.

ರ‍್ಯಾಮ್ ಮೊದಲು ಬಂತು. ಹಳೇ ಪ್ರೊಸೆಸರ್ ಜೊತೆಗೇ ಹಾಕಿ ನೋಡಿದೆ. ನಿಮ್ಮಲ್ಲಿ ಜಿ ಪ್ರೊಸೆಸರ್ ಇಟ್ಕೊಂಡು ಒಂದೇ ಸ್ಟಿಕ್ಕಲ್ಲಿ ಓಡಿಸ್ತಿರೋರು ಇದ್ರೆ ಇದನ್ನ ಎರಡು ಸಲ ಓದಿ: ಒಳಗಿನ ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇರಲ್ಲ, ಅದು ನಿಮ್ಮ ರ‍್ಯಾಮನ್ನೇ ತಿನ್ನುತ್ತೆ. ಒಂದೇ ಸ್ಟಿಕ್ ಅಂದ್ರೆ ಒಂದೇ ದಾರಿ. ಎರಡು ಹಾಕಿದ್ರೆ ದಾರಿ ಡಬಲ್. ಆಟಗಳಲ್ಲಿ ಆಗಿದ್ದ ಬದಲಾವಣೆ ನೋಡಿ ನಾನೇ ಬೆಪ್ಪಾದೆ. ಯಾವ ಓವರ್‌ಕ್ಲಾಕೂ 1,700ಕ್ಕೆ ಅಷ್ಟು ಕೊಡಲ್ಲ.

ಈಗ ಭಯದ ಭಾಗ. ಹಳೇ ಪ್ರೊಸೆಸರ್ ಬೋರ್ಡಲ್ಲಿ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಬೇಕು. ನಡುವೆ ಕರೆಂಟ್ ಹೋದ್ರೆ ಬೋರ್ಡು ಸತ್ತ ಹಾಗೆ, ನನ್ನ ಅಗ್ಗದ ಬೋರ್ಡಿಗೆ ಬದಲಿ ದಾರಿ ಯಾವುದೂ ಇಲ್ಲ. ಆಗಸ್ಟಲ್ಲಿ ನಮ್ಮೂರಲ್ಲಿ ಮಳೆ ಗಾಳಿ ಬಂತು ಅಂದ್ರೆ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಝೆರಾಕ್ಸ್ ಅಂಗಡಿ ಅಕ್ಕನ ಹತ್ರ ಭಾನುವಾರದ ಮಟ್ಟಿಗೆ ಯುಪಿಎಸ್ ಕೇಳಿದೆ. "ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿರಬೇಕು" ಅಂದ್ರು. ಸ್ಕೂಟರ್ ಮುಂದೆ ಕಾಲ ಹತ್ರ ಇಟ್ಕೊಂಡು, ಮೇಲೆ ರೈನ್‌ಕೋಟ್ ಮುಚ್ಚಿ ತಂದೆ. ನಾನು ನೆಂದೆ, ಯುಪಿಎಸ್ ನೆನೀಲಿಲ್ಲ.

ಪೆನ್‌ಡ್ರೈವ್ ಹಾಕಿ ಶುರು ಮಾಡಿದೆ. ಶೇ. 40... 50... ಶೇ. 60ರ ಹತ್ರ ಮನೆಯೆಲ್ಲಾ ಕತ್ತಲೆ. ಯುಪಿಎಸ್ ಕುಯ್ ಕುಯ್ ಅಂತ ಕೂಗೋಕೆ ಶುರು. ಅಡುಗೆಮನೆಯಿಂದ ಅವ್ವ, "ಲೋ, ಬ್ಯಾಟ್ರಿ ತತ್ತಾರೋ ಇಲ್ಲಿ!" ಅಂತ ಕೂಗ್ತಾ ಇದ್ರು. ನಾನು ಎದ್ದಿಲ್ಲ. ಉಸಿರೂ ಬಿಟ್ಟಿಲ್ಲ. ನಾನು ಅಲುಗಾಡಿದ್ರೆ ಆ ಪಟ್ಟಿ ನಿಲ್ಲುತ್ತೆ ಅನ್ನೋ ಥರ ಕೂತಿದ್ದೆ. 100 ಆಯ್ತು, ತಾನೇ ರೀಸ್ಟಾರ್ಟ್ ಆಯ್ತು. ಆಮೇಲೆ ಬ್ಯಾಟ್ರಿ ತಗೊಂಡು ಹೋಗಿ ಅವ್ವನ ಹತ್ರ ಬೈಸ್ಕೊಂಡೆ. ಖುಷಿಯಿಂದ ಬೈಸ್ಕೊಂಡೆ.

ಪ್ರೊಸೆಸರ್ ತೆಗೆಯೋವಾಗ ಒಂದು ಎಚ್ಚರಿಕೆ. ಎಎಂ4ನಲ್ಲಿ ಪಿನ್ನು ಇರೋದು ಪ್ರೊಸೆಸರಲ್ಲಿ. ಹಳೇ ಪೇಸ್ಟು ಅಂಟ್ಕೊಂಡು ಕೂಲರ್ ಎಳೆದ ತಕ್ಷಣ ಪ್ರೊಸೆಸರೂ ಕಿತ್ಕೊಂಡು ಬರುತ್ತೆ, ಪಿನ್ನು ಬಗ್ಗುತ್ತೆ. ಕಂಪ್ಯೂಟರ್ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಕೂಲರನ್ನ ಆ ಕಡೆ ಈ ಕಡೆ ಮೆಲ್ಲಗೆ ತಿರುವಿ ಆಮೇಲೆ ಎತ್ತಿ. ಹೊಸದು ಹಾಕಿದ ಮೇಲೆ ಪರದೆ ಮೇಲೆ ಟಿಪಿಎಂ ಬಗ್ಗೆ ಏನೋ ಕೇಳಿ ವೈ ಒತ್ತು, ಎನ್ ಒತ್ತು ಅನ್ನಬಹುದು, ಗಾಬರಿ ಆಗಬೇಡಿ. ಆದ್ರೆ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಫೈಲು ನಿಮಗೇ ಸಿಗಲ್ಲ.

ಅದೇ 12 ನಿಮಿಷದ ವಿಡಿಯೋ ಈಗ 19 ನಿಮಿಷ. ಎಕ್ಸ್‌ಪೋರ್ಟ್ ಆಗ್ತಿರುವಾಗ ಟ್ಯಾಲಿ ತೆಗೆದು ಅಸೈನ್‌ಮೆಂಟೂ ಮಾಡಬಹುದು.

ಓವರ್‌ಕ್ಲಾಕ್ ಮಾಡಲೇಬೇಡಿ ಅಂತ ನಾನು ಹೇಳ್ತಿಲ್ಲ. ನಿಮ್ಮ ಹತ್ರ ಈಗಾಗಲೇ ಬಿ450 ಇಲ್ಲಾ ಬಿ550 ಇದ್ರೆ ಮಾಡಿ ನೋಡಿ. ಮೊದಲು ರ‍್ಯಾಮಿನ ಎಕ್ಸ್‌ಎಂಪಿ ಆನ್ ಮಾಡಿ, ಆಮೇಲೆ ಪ್ರೊಸೆಸರನ್ನ ಸ್ವಸ್ವಲ್ಪವೇ ಏರಿಸಿ, ಪ್ರತಿ ಸಲ ಅರ್ಧ ಗಂಟೆ ದುಡಿಸಿ ಬಿಸಿ ನೋಡಿ. ಕೈಯಲ್ಲಿರೋದನ್ನ ಹಿಂಡೋದು ಮಜಾನೇ. ಹಿಂಡೋಕೆ ಅಂತ ಹೊಸದಾಗಿ ದುಡ್ಡು ಹಾಕೋದು ಬೇರೆ ವಿಷಯ. ಬೋರ್ಡ್ ಯಾವುದು ಅಂತ ಗೊತ್ತಿಲ್ಲದೋರು ವಿಂಡೋಸಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಅಂತ ಹುಡುಕಿ, ಬೇಸ್‌ಬೋರ್ಡ್ ಅನ್ನೋ ಸಾಲಲ್ಲಿ ಇರುತ್ತೆ. ಅದನ್ನ ಕಾಮೆಂಟಲ್ಲಿ ಹಾಕಿ, ಯಾವ ಪ್ರೊಸೆಸರ್ ತನಕ ಹೋಗಬಹುದು ಅಂತ ಸೇರಿ ನೋಡೋಣ.

ಸ್ಟುಡಿಯೋ ಅಣ್ಣ ಸೆಪ್ಟೆಂಬರಲ್ಲಿ ಎರಡು ಕೆಲಸ ಕೊಟ್ರು. ಅದರಲ್ಲಿ ಬಂದ 2,500 ಅಪ್ಪನಿಗೆ ಕೊಟ್ಟೆ. ಕೊನೇ ಫೋಟೋ ಅಪ್ಪನ ಲೆಕ್ಕದ ಪುಸ್ತಕ. ಗೊಬ್ಬರದ ಬಾಕಿ, ಕೂಲಿ ಬಾಕಿ ಕೆಳಗೆ ಪೆನ್ಸಿಲಲ್ಲಿ ಬರೆದಿದ್ದಾರೆ ನೋಡಿ: "ಮಗ, ಸೌದೆ, 1,500."